ಹಂಚಿನ ಮಾಡಿಗೆ ಮುಚ್ಚಿಗೆ ಬೇಕೇ, ಬೇಡವೇ: ನಿರ್ಧರಿಸುವ ಮತ್ತು ಮಾಡಿಸುವ ಸಮಗ್ರ ಮಾರ್ಗದರ್ಶಿ

ಕರಾವಳಿ ಮತ್ತು ಮಲೆನಾಡಿನ ಹಂಚಿನ ಮನೆಗಳಲ್ಲಿ ಮುಚ್ಚಿಗೆಯ, ಅಂದರೆ ಮಾಡಿನ (ಛಾವಣಿಯ) ಕೆಳಗೆ ಹಲಗೆ ಹೊಡೆಸಿ ಮಾಡುವ ಸೀಲಿಂಗಿನ ಕೆಲಸ ಹೆಚ್ಚಾಗಿ ಒಂದೇ ರೀತಿಯಲ್ಲಿ ಕೆಡುತ್ತದೆ. ಬೇಸಿಗೆಯ ಸೆಕೆ ತಾಳಲಾರದೆಯೋ, ಮನೆಯಲ್ಲಿ ಮದುವೆ ಹತ್ತಿರ ಬಂತೆಂದೋ ಏಪ್ರಿಲ್ ತಿಂಗಳಿನಲ್ಲಿ ತರಾತುರಿಯಿಂದ ಹಲಗೆ ಹೊಡೆಸುತ್ತಾರೆ. ಜುಲೈ ಹೊತ್ತಿಗೆ ಮೊದಲ ಕಂದು ಕಲೆ ಕಾಣಿಸಿಕೊಳ್ಳುತ್ತದೆ. ಯಾವ ಹಂಚು ಸೋರುತ್ತಿದೆ ಎಂದು ಕೆಳಗಿನಿಂದ ನೋಡುವ ದಾರಿಯನ್ನು ಮುಚ್ಚಿಗೆಯೇ ಮುಚ್ಚಿರುವುದರಿಂದ ಒಳಗಿನ ರೀಪು (ಹಂಚು ಕೂರುವ ತೆಳ್ಳನೆಯ ಮರದ ಪಟ್ಟಿ), ಪಕ್ಕಾಸುಗಳು (ರೀಪುಗಳನ್ನು ಹೊರುವ ಇಳಿಜಾರು ಮರಗಳು) ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತವೆ. ಕೊನೆಗೆ ಮುಚ್ಚಿಗೆಯನ್ನೂ ಮಾಡನ್ನೂ ಒಟ್ಟಿಗೆ ಬಿಚ್ಚಬೇಕಾಗುತ್ತದೆ. ಇಲ್ಲಿ ತಪ್ಪಿರುವುದು ವಸ್ತುವಿನ ಆಯ್ಕೆಯಲ್ಲ, ಕೆಲಸದ ಕ್ರಮ. ಆದ್ದರಿಂದ ಈ ಮಾರ್ಗದರ್ಶಿ ಕ್ರಮಕ್ಕೇ ಹೆಚ್ಚು ಒತ್ತು ಕೊಡುತ್ತದೆ.

ಇಲ್ಲಿ ಹೇಳುವುದೆಲ್ಲ ಮರದ ಪಕ್ಕಾಸು ಮತ್ತು ರೀಪುಗಳ ಮೇಲೆ ಮಂಗಳೂರು ಹಂಚು ಹೊದೆಸಿದ ಮಾಡಿಗೆ ಸಂಬಂಧಿಸಿದ್ದು. ಕಾಂಕ್ರೀಟ್ ತಾರಸಿಯ ಮೇಲೆ ಅಂದಕ್ಕಾಗಿ ಹಂಚು ಹಾಸಿದ ಮನೆಗಳಿಗೆ ಇದು ಅನ್ವಯಿಸುವುದಿಲ್ಲ.

ಮೊದಲು ಹೊಂದಿಸಿಕೊಳ್ಳಬೇಕಾದ ಸಲಕರಣೆಗಳು

ಜಾರದ ಏಣಿ, ಪ್ರಖರವಾದ ಟಾರ್ಚು, ಅಳತೆಯ ಟೇಪು, ಸೀಮೆಸುಣ್ಣ, ಮೊನಚಾದ ಸ್ಕ್ರೂಡ್ರೈವರ್ ಅಥವಾ ದಬ್ಬಳ, ಒಂದು ನೋಟ್‌ಬುಕ್ಕು, ಮೂಗು ಬಾಯಿ ಮುಚ್ಚುವ ಒಳ್ಳೆಯ ಮಾಸ್ಕು ಇವಿಷ್ಟು ಸಾಕು. ಮರದ ತೇವಾಂಶ ಅಳೆಯುವ ಸಣ್ಣ ಮೀಟರು ಸಿಕ್ಕಿದರೆ ಬಹಳ ಉಪಕಾರವಾಗುತ್ತದೆ. ಮಾಸ್ಕನ್ನು ಅಲಕ್ಷಿಸಬೇಡಿ, ಹಳೆಯ ಮಾಡಿನ ಮೂಲೆಗಳಲ್ಲಿ ಬಾವಲಿ ಮತ್ತು ಇಲಿಗಳ ಹಿಕ್ಕೆ ಒಣಗಿ ಧೂಳಾಗಿರುತ್ತದೆ, ಅದು ಶ್ವಾಸಕೋಶಕ್ಕೆ ಹೋಗಬಾರದು.

ಹಂತ 1: ಯಾವ ತೊಂದರೆಗಾಗಿ ಮುಚ್ಚಿಗೆ ಎಂದು ಬರೆದುಕೊಳ್ಳಿ

ಮುಚ್ಚಿಗೆ ಬೇಕು ಎನ್ನುವವರನ್ನು ಕೇಳಿದರೆ ಸೆಕೆ, ಧೂಳು, ಸೋರಿಕೆ, ಇಲಿ, ಮಳೆಯ ಸದ್ದು, ಏಸಿ ಕೂರಿಸುವ ಆಸೆ ಎಂದು ಬೇರೆ ಬೇರೆ ಕಾರಣಗಳನ್ನು ಹೇಳುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಮಾತ್ರ ಮುಚ್ಚಿಗೆ ಪರಿಹಾರ.

ಹಂಚಿನ ಸಂದಿಯಿಂದ ಉದುರುವ ಧೂಳು, ಒಣಗಿದ ಪಾಚಿ, ಕಸಗಳನ್ನು ಮುಚ್ಚಿಗೆ ಖಂಡಿತ ತಡೆಯುತ್ತದೆ. ಏಸಿ ಹಾಕುವುದಾದರೆ ಮುಚ್ಚಿಗೆ ಅನಿವಾರ್ಯ, ಏಕೆಂದರೆ ಹಂಚುಗಳ ನಡುವೆ ಸದಾ ಗಾಳಿಯಾಡುವುದರಿಂದ ತೆರೆದ ಮಾಡಿನ ಕೆಳಗೆ ತಂಪು ನಿಲ್ಲುವುದಿಲ್ಲ. ಸೆಕೆಯ ವಿಷಯದಲ್ಲಿ ಅರ್ಧ ಪರಿಹಾರ ಸಿಗುತ್ತದೆ. ಕಾದ ಹಂಚು ಕೆಳಗಿರುವವರ ಮೇಲೆ ನೇರವಾಗಿ ಬೀರುವ ಝಳವನ್ನು ಮುಚ್ಚಿಗೆ ತಡೆಯುತ್ತದೆಯಾದರೂ, ಹಂಚಿನ ಸಂದಿಗಳಿಂದ ತಾನಾಗಿ ಮೇಲೆ ಹೋಗುತ್ತಿದ್ದ ಬಿಸಿಗಾಳಿಯ ದಾರಿಯನ್ನೂ ಅದು ಕಟ್ಟುತ್ತದೆ. ಮೇಲಿನ ಪೊಳ್ಳಿನಲ್ಲಿ ಗಾಳಿಯಾಡುವಂತೆ ಮಾಡದಿದ್ದರೆ ಹಗಲಿನ ಬಿಸಿ ರಾತ್ರಿಯವರೆಗೂ ತಲೆಯ ಮೇಲೆಯೇ ಉಳಿಯುತ್ತದೆ.

ಸೋರಿಕೆಗೆ ಮುಚ್ಚಿಗೆ ಪರಿಹಾರವೇ ಅಲ್ಲ, ಅದು ಸೋರಿಕೆಯನ್ನು ಮರೆಮಾಡುತ್ತದೆ ಅಷ್ಟೆ. ಇಲಿ, ಬಾವಲಿ, ಪುನುಗು ಬೆಕ್ಕುಗಳ ವಿಷಯದಲ್ಲಿ ಅದು ಇನ್ನೂ ಹಾನಿಕರ. ಬೆಚ್ಚಗಿನ, ಕತ್ತಲೆಯ, ಮನುಷ್ಯರು ಬಾರದ ಜಾಗವನ್ನು ನಾವೇ ಅವುಗಳಿಗೆ ಕಟ್ಟಿಕೊಟ್ಟಂತಾಗುತ್ತದೆ, ಮತ್ತು ಇಲಿ ಸೇರಿದಲ್ಲಿಗೆ ಹಾವೂ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಸೋರಿಕೆ ಮತ್ತು ಇಲಿ ಇವೆರಡೇ ಇದ್ದರೆ, ಮುಚ್ಚಿಗೆಗೆ ಎತ್ತಿಟ್ಟ ಹಣವನ್ನು ಮಾಡಿನ ದುರಸ್ತಿಗೆ ಹಾಕುವುದು ಲೇಸು.

ಹಂತ 2: ಮಾಡನ್ನು ಒಳಗಿನಿಂದ ಪರೀಕ್ಷಿಸಿ

ಬಿಸಿಲಿರುವ ಮಧ್ಯಾಹ್ನ ಕಿಟಕಿ, ಬಾಗಿಲು ಮುಚ್ಚಿ, ದೀಪ ಆರಿಸಿ ಮೇಲೆ ನೋಡಿ. ಬೆಳಕಿನ ಚುಕ್ಕೆ ಕಂಡಲ್ಲೆಲ್ಲ ಸೋರುತ್ತದೆ ಎಂದಲ್ಲ, ಸರಿಯಾಗಿ ಕೂತ ಹಂಚುಗಳ ಅಂಚಿನಲ್ಲಿಯೂ ಬೆಳಕು ಇಣುಕುತ್ತದೆ. ಆದರೆ ಹಂಚಿನ ನಡುಮೈಯಲ್ಲಿ ಗೆರೆಯಂತೆ ಬೆಳಕು ಕಂಡರೆ ಹಂಚು ಸೀಳಿದೆ ಎಂದು ಅರ್ಥ. ಅಂಥಲ್ಲಿ ಕೆಳಗಿನ ರೀಪಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ.

ಆಮೇಲೆ ಮರ. ಪಕ್ಕಾಸು ಗೋಡೆಯ ಮೇಲೆ ಕೂರುವ ತುದಿ, ಎರಡು ಮಾಡುಗಳು ಕೂಡುವ ಮೂಲೆ, ಸೂರಿನ ಹತ್ತಿರದ ರೀಪುಗಳು, ಈ ಮೂರು ಜಾಗಗಳಲ್ಲೇ ಕೊಳೆ ಮೊದಲು ಹಿಡಿಯುತ್ತದೆ. ಸ್ಕ್ರೂಡ್ರೈವರಿನ ಮೊನೆಯಿಂದ ಚುಚ್ಚಿದಾಗ ಒಳ್ಳೆಯ ಮರ ಎದುರೊತ್ತುತ್ತದೆ, ಕೊಳೆತ ಮರ ಮೊನೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನೆಲದ ಮೇಲೆ ಹಿಟ್ಟಿನಂಥ ನುಣ್ಣನೆಯ ಪುಡಿ ಬಿದ್ದಿದ್ದರೆ ಮೇಲಿನ ಮರಕ್ಕೆ ಕುಟ್ಟೆ ಹುಳ ಹಿಡಿದಿದೆ. ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆಗಳು ಹತ್ತಿದ್ದರೆ ಅದು ಗೆದ್ದಲು. ಮೀಟರಿನಲ್ಲಿ ಮರದ ತೇವಾಂಶ ಶೇಕಡಾ 20ಕ್ಕಿಂತ ಹೆಚ್ಚು ತೋರಿಸಿದರೆ ಆ ಮರ ಕೊಳೆಯುವ ಸ್ಥಿತಿಯಲ್ಲಿದೆ, ಅದನ್ನು ಮುಚ್ಚಲೇಬಾರದು.

ಪಕ್ಕಾಸುಗಳ ಸಾಲಿನಲ್ಲಿ ಒಂದು ದಾರ ಎಳೆದು ನೋಡುವುದೂ ಒಳ್ಳೆಯದು. ಹಂಚುಗಳ ಭಾರದಿಂದ ಈಗಾಗಲೇ ಬಗ್ಗಿರುವ ಪಕ್ಕಾಸು ಮುಚ್ಚಿಗೆಯ ಭಾರವನ್ನೂ ಹೊರಲಾರದು.

ಹಂತ 3: ಹಂಚು ಕೈಯಾಡಿಸಿ, ಮರಕ್ಕೆ ಮದ್ದು ಕೊಡಿ

ಮಾರ್ಚಿನಿಂದ ಮೇ ಮೊದಲ ವಾರದೊಳಗೆ ಹಂಚು ಕೈಯಾಡಿಸುವ ಕೆಲಸ ಮುಗಿಯಬೇಕು. ಸೀಳಿದ ಹಂಚು ಬದಲಿಸುವುದು, ಜರುಗಿದ್ದನ್ನು ಕೂರಿಸುವುದು, ತೋಡುಗಳಲ್ಲಿ ತುಂಬಿದ ತರಗೆಲೆ ಮತ್ತು ಪಾಚಿ ತೆಗೆಯುವುದು, ಮಾಡಿನ ನೆತ್ತಿಯ ಹಂಚುಗಳ ಗಾರೆ ಬಿರುಕು ಬಿಟ್ಟಿದ್ದರೆ ಹೊಸದಾಗಿ ಹಾಕುವುದು, ಮೂಲೆಯ ತಗಡು ತುಕ್ಕು ಹಿಡಿದಿದ್ದರೆ ಬದಲಿಸುವುದು ಎಲ್ಲವೂ ಇದರಲ್ಲಿ ಸೇರಬೇಕು. ಹೊಸ ಹಂಚು ತರುವಾಗ ಹಳೆಯದೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮಂಗಳೂರು ಹಂಚುಗಳೆಲ್ಲ ಒಂದೇ ಅಳತೆಯವಲ್ಲ. 410×235, 420×250, 425×260 ಮಿ.ಮೀ. ಎಂದು ಭಾರತೀಯ ಮಾನಕದಲ್ಲಿಯೇ ಮೂರು ಅಳತೆಗಳಿವೆ, ಒಂದರ ತುಟಿ ಇನ್ನೊಂದರ ತೋಡಿಗೆ ಕೂರುವುದಿಲ್ಲ.

ಮಾಡಿನ ಇಳಿಜಾರು ಸುಮಾರು 25 ಡಿಗ್ರಿಗಿಂತ ಕಡಿಮೆಯಿದ್ದರೆ ಗಾಳಿಮಳೆಯಲ್ಲಿ ನೀರು ಹಂಚಿನ ಸಂದಿಯೊಳಗೆ ಹಿಂದಕ್ಕೆ ನುಗ್ಗುತ್ತದೆ. ಎಷ್ಟು ಕೈಯಾಡಿಸಿದರೂ ಅದು ನಿಲ್ಲದು. ಅಂಥ ಮಾಡಿಗೆ ಇಳಿಜಾರು ಸರಿಪಡಿಸದೆ ಮುಚ್ಚಿಗೆಯ ಯೋಚನೆಯನ್ನೇ ಮಾಡಬೇಡಿ.

ಮರಕ್ಕೆ ಮದ್ದು ಕೊಡಲು ಇದೇ ಸರಿಯಾದ ಹೊತ್ತು, ಮುಚ್ಚಿಗೆ ಬಂದ ಮೇಲೆ ಕೈ ತಲುಪುವುದಿಲ್ಲ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಒಣ ಮರಕ್ಕೆ ಎರಡು ಸಲ ಹಚ್ಚಿದರೆ ಹುಳಕ್ಕೂ ಬೂಷ್ಟಿಗೂ ತಡೆಯಾಗುತ್ತದೆ, ಆದರೆ ಮಳೆ ತಾಗುವ ಸೂರಿನ ತುದಿಯಲ್ಲಿ ಅದು ತೊಳೆದುಹೋಗುತ್ತದೆ. ಅಲ್ಲಿಗೆ ಕರಾವಳಿಯವರು ಹಿಂದಿನಿಂದ ಬಳಸುತ್ತಿರುವ ಗೇರೆಣ್ಣೆಯೇ ಸರಿ. ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಆದ್ದರಿಂದ ಕೈಗವಸು ಕಡ್ಡಾಯ.

ಹಂತ 4: ಒಂದು ಮಳೆಗಾಲ ಕಾಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ದುರಸ್ತಿಯಾದ ಮಾಡು ಸರಿಯಾಗಿದೆಯೇ ಎಂದು ಹೇಳಬಲ್ಲದ್ದು ಮಳೆಯೊಂದೇ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಆಗುಂಬೆಯಲ್ಲಿ ಹೆಚ್ಚುಕಡಿಮೆ ಅದರ ಎರಡು ಪಾಲು. ಬಕೆಟ್ಟಿನಲ್ಲಿ ನೀರು ಹುಯ್ದು ನೋಡುವ ಪರೀಕ್ಷೆ ಇದಕ್ಕೆ ಸಾಟಿಯಲ್ಲ, ಏಕೆಂದರೆ ಸೋರಿಕೆಯನ್ನು ಹುಟ್ಟಿಸುವುದು ನೀರಿನ ಪ್ರಮಾಣಕ್ಕಿಂತ ಹೆಚ್ಚಾಗಿ ನೈರುತ್ಯದ ಗಾಳಿ ತರುವ ಎರಚಲು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ ಬಂದಾಗಲೆಲ್ಲ ಟಾರ್ಚು ಹಿಡಿದು ನೋಡಿ. ಹನಿ ಬಿದ್ದ ಜಾಗವನ್ನಷ್ಟೇ ಬರೆದುಕೊಂಡರೆ ಸಾಲದು. ನೀರು ಪಕ್ಕಾಸಿನ ಮೈಗುಂಟ ಜಾರಿ ಹಲವು ಅಡಿ ಕೆಳಗೆ ಬಂದು ತೊಟ್ಟಿಕ್ಕುತ್ತದೆ, ಆದ್ದರಿಂದ ಒದ್ದೆಯ ಗೆರೆಯನ್ನು ಮೇಲ್ಮುಖವಾಗಿ ಹಿಂಬಾಲಿಸಿ ಅದು ಶುರುವಾಗುವ ಹಂಚನ್ನು ಗುರುತಿಸಬೇಕು. ದಿನಾಂಕ, ಗಾಳಿಯ ದಿಕ್ಕು, ಕೋಣೆ, ಹಂಚಿನ ಸಾಲು, ಇವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇದೇ ಸಮಯದಲ್ಲಿ ರಾತ್ರಿ ಮಾಡಿನ ಮೇಲೆ ಓಡಾಡುವ ಪ್ರಾಣಿಗಳು ಎಲ್ಲಿಂದ ಒಳಬರುತ್ತವೆ ಎಂಬುದನ್ನೂ ಗಮನಿಸಿ.

ಉಳಿದ ಸೋರಿಕೆಗಳನ್ನು ಅಕ್ಟೋಬರ್, ನವೆಂಬರ್‌ಗಳಲ್ಲಿ ಸರಿಪಡಿಸಿ, ಮರ ಚೆನ್ನಾಗಿ ಒಣಗಿದ ಮೇಲೆ, ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಮುಚ್ಚಿಗೆಯ ಕೆಲಸಕ್ಕೆ ಕೈಹಾಕಬಹುದು.

ಹಂತ 5: ಕೋಣೆಕೋಣೆಗೆ ಬೇರೆಯಾಗಿ ನಿರ್ಧರಿಸಿ

ಇಡೀ ಮನೆಗೆ ಒಂದೇ ತೀರ್ಮಾನ ತೆಗೆದುಕೊಳ್ಳುವುದು ಎರಡನೆಯ ದೊಡ್ಡ ತಪ್ಪು.

ಸೌದೆ ಒಲೆಯ ಅಡುಗೆಮನೆ ಮತ್ತು ಬಚ್ಚಲ ಒಲೆಯಿರುವ ಜಾಗವನ್ನು ತೆರೆದೇ ಇಡಬೇಕು. ಹೊಗೆ ಹೊರಹೋಗಲು ಹಂಚಿನ ಸಂದಿಯೇ ದಾರಿ. ಆ ಹೊಗೆಯಿಂದಲೇ ಅಲ್ಲಿನ ಪಕ್ಕಾಸುಗಳು ಹುಳ ಹಿಡಿಯದೆ ಬಾಳುತ್ತವೆ. ಬರೀ ಗ್ಯಾಸ್ ಒಲೆಯಿರುವ ಅಡುಗೆಮನೆಗೆ ಬೆಂಕಿ ಹಿಡಿಯದ ಹಲಗೆಯ ಮುಚ್ಚಿಗೆ ಹಾಕಿಸಬಹುದು, ಆದರೆ ಹಬೆ ಹೊರಹೋಗುವ ಫ್ಯಾನು ಜೊತೆಗಿರಬೇಕು.

ಎತ್ತರದ ಮಾಡಿರುವ ಪಡಸಾಲೆ, ಜಗಲಿಗಳಿಗೆ ನನ್ನ ಸಲಹೆ ತೆರೆದಿಡಿ ಎಂಬುದೇ. ಅಲ್ಲಿ ಬಿಸಿಗಾಳಿ ತಲೆಯಿಂದ ದೂರ ಮೇಲೇರುತ್ತದೆ, ಗಾಜಿನ ಹಂಚಿನಿಂದ ಬೆಳಕು ಬರುತ್ತದೆ, ಮತ್ತು ಮನೆಯ ಮಾಡಿನ ಆರೋಗ್ಯ ಸದಾ ಕಣ್ಣೆದುರಿಗಿರುತ್ತದೆ. ಮಲಗುವ ಕೋಣೆ, ಮಕ್ಕಳು ಓದುವ ಕೋಣೆ, ಏಸಿ ಕೋಣೆ, ಕಾಯಿಲೆಯವರು ಅಥವಾ ಧೂಳಿನಿಂದ ಉಬ್ಬಸ ಬರುವವರು ಇರುವ ಕೋಣೆಗಳಿಗೆ ಮುಚ್ಚಿಗೆಯ ಖರ್ಚು ಸಾರ್ಥಕ.

ಮನೆಗೆ ತಾಗಿದ ಕಾರ್ ಶೆಡ್ಡಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಹಳೆಯ ಕೊಟ್ಟಿಗೆಯನ್ನೋ ಪಕ್ಕದ ಚಾವಡಿಯನ್ನೋ ಶೆಡ್ಡಾಗಿ ಮಾಡಿಕೊಂಡ ಎಷ್ಟೋ ಮನೆಗಳಲ್ಲಿ ನಡುವಿನ ಗೋಡೆ ಪಕ್ಕಾಸಿನ ಮಟ್ಟದವರೆಗೂ ಹೋಗಿರುವುದಿಲ್ಲ. ಗೋಡೆಯ ಮೇಲೆ ಎರಡೂ ಕಡೆಗೆ ಒಂದೇ ಪೊಳ್ಳು. ಕಾರು ಚಾಲೂ ಮಾಡಿದಾಗ ಹೊರಬರುವ ವಿಷಾನಿಲ ಆ ಪೊಳ್ಳಿನ ಮೂಲಕ ಪಕ್ಕದ ಮಲಗುವ ಕೋಣೆಗೆ ಇಳಿಯುತ್ತದೆ, ಶೆಡ್ಡಿನಲ್ಲಿ ಬೆಂಕಿ ಬಿದ್ದರೆ ಅದೇ ದಾರಿಯಲ್ಲಿ ಮನೆಗೆ ಹಬ್ಬುತ್ತದೆ. ಇಂಥಲ್ಲಿ ಶೆಡ್ಡಿಗೆ ಮುಚ್ಚಿಗೆ ಹಾಕಿಸುವುದಕ್ಕಿಂತ ನಡುಗೋಡೆಯನ್ನು ಇಟ್ಟಿಗೆಯಿಂದ ಹಂಚಿನ ಅಡಿಯವರೆಗೆ ಏರಿಸಿ ಸಂದಿಗಳನ್ನು ಗಾರೆಯಿಂದ ತುಂಬುವುದು ಮೊದಲ ಕೆಲಸ. ಅದಾದ ಮೇಲೆ ಶೆಡ್ಡಿನ ಮಾಡನ್ನು ತೆರೆದಿಟ್ಟರೆ ಹೊಗೆ, ವಾಸನೆ ಸುಲಭವಾಗಿ ಹೊರಹೋಗುತ್ತವೆ. ಶೆಡ್ಡಿನಲ್ಲಿ ಪೆಟ್ರೋಲ್ ಕ್ಯಾನು ಇಡುವವರು, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುವವರು ಅಲ್ಲಿ ಪಿವಿಸಿ ಮುಚ್ಚಿಗೆಯನ್ನು ಯಾವ ಕಾರಣಕ್ಕೂ ಹಾಕಿಸಬಾರದು.

ತೆರೆದಿಡಲು ನಿರ್ಧರಿಸಿದ ಕೋಣೆಗೂ ಒಂದಿಷ್ಟು ಮಾಡಬಹುದು. ರೀಪಿನ ಅಡಿಯಲ್ಲಿ, ಪಕ್ಕಾಸುಗಳ ನಡುವೆ, ಹೊಳೆಯುವ ಅಲ್ಯೂಮಿನಿಯಂ ಹಾಳೆ ಕಟ್ಟಿಸಿದರೆ ಝಳ ಗಮನಾರ್ಹವಾಗಿ ಇಳಿಯುತ್ತದೆ. ಹೊಳೆಯುವ ಮೈಗೆ ಎದುರಾಗಿ ಕನಿಷ್ಠ 25 ಮಿ.ಮೀ. ಗಾಳಿಯ ಜಾಗ ಇರಲೇಬೇಕು, ಯಾವುದಕ್ಕಾದರೂ ಅಂಟಿಕೊಂಡರೆ ಅದರ ಪ್ರಯೋಜನ ಹೋಗುತ್ತದೆ. ಈ ಹಾಳೆಯಲ್ಲಿ ವಿದ್ಯುತ್ ಹರಿಯುತ್ತದೆ, ತೆರೆದ ವೈರು ಅದಕ್ಕೆ ತಾಗದಂತೆ ನೋಡಿಕೊಳ್ಳಿ.

ಹಂತ 6: ಸಪಾಟಾಗಿಯೋ, ಇಳಿಜಾರಿನಲ್ಲಿಯೋ

ಅಡ್ಡತೊಲೆಯ ಮಟ್ಟದಲ್ಲಿ ಸಪಾಟಾಗಿ ಹಾಕಿದ ಮುಚ್ಚಿಗೆಯ ಮೇಲೆ ಮನುಷ್ಯ ನುಸುಳುವಷ್ಟು ಜಾಗ ಉಳಿಯುತ್ತದೆ. ಪಕ್ಕಾಸಿನ ಗುಂಟ ಇಳಿಜಾರಾಗಿ ಹಾಕಿದರೆ ಕೋಣೆಯ ಎತ್ತರ ಉಳಿಯುತ್ತದೆ, ನೋಡಲು ಚೆಂದ, ಆದರೆ ಹಂಚಿನ ಅಡಿಮೈ ಮತ್ತೆಂದೂ ಕಾಣುವುದಿಲ್ಲ. ಎತ್ತರ ಸಾಕಷ್ಟಿದ್ದರೆ ಸಪಾಟು ಮುಚ್ಚಿಗೆಯನ್ನೇ ಆರಿಸಿ. ವಾಸದ ಕೋಣೆಗೆ ನೆಲದಿಂದ ಮುಚ್ಚಿಗೆಗೆ 2.75 ಮೀಟರ್, ಅಂದರೆ ಸುಮಾರು 9 ಅಡಿ ಉಳಿಯಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಏಸಿ ಕೋಣೆಗೆ 2.4 ಮೀಟರ್ ಸಾಕು. ಅಷ್ಟು ಸಿಗದ ಹಳೆಯ ತಗ್ಗು ಮನೆಗಳಲ್ಲಿ ಮಾತ್ರ ಇಳಿಜಾರು ಮುಚ್ಚಿಗೆ ಹಾಕಿಸಿ, ಆಗಲೂ ಹಂಚಿಗೂ ಹಲಗೆಗೂ ನಡುವೆ ಕನಿಷ್ಠ 50 ಮಿ.ಮೀ. ಜಾಗ ಬಿಟ್ಟು, ಹಲಗೆಗಳನ್ನು ಮೊಳೆಯ ಬದಲು ಸ್ಕ್ರೂಗಳಿಂದ ಕೂರಿಸಿ, ಬೇಕಾದಾಗ ಬಿಚ್ಚುವಂತಿರಲಿ.

ಹಂತ 7: ವಸ್ತುವಿನ ಆಯ್ಕೆ

ಹಲಸು, ಹೆಬ್ಬಲಸು, ಸಾಗುವಾನಿಯ ಹಲಗೆಯ ಮುಚ್ಚಿಗೆ ದುಬಾರಿಯಾದರೂ ಒಮ್ಮೆ ನೆನೆದರೆ ಒಣಗಿ ಸುಧಾರಿಸಿಕೊಳ್ಳುತ್ತದೆ. ಮರ ಚೆನ್ನಾಗಿ ಒಣಗಿರದಿದ್ದರೆ ಹಲಗೆಗಳ ನಡುವೆ ಸಂದಿ ಬಿಡುತ್ತದೆ.

ಜಿಪ್ಸಂ ಹಲಗೆ ಬೆಂಕಿಯನ್ನು ತಡೆಯುತ್ತದೆ, ನುಣುಪಾಗಿ ಕಾಣುತ್ತದೆ, ಆದರೆ ನೀರಿನೆದುರು ನಿಲ್ಲುವುದಿಲ್ಲ. ತೇವ ತಡೆಯುವುದೆಂದು ಮಾರುವ ಹಸಿರು ಬಣ್ಣದ ಹಲಗೆ ಗಾಳಿಯ ತೇವವನ್ನು ತಡೆದೀತೇ ಹೊರತು ಸೋರುವ ನೀರನ್ನಲ್ಲ. ಹಂಚಿನ ಮಾಡಿನ ಕೆಳಗೆ ಫೈಬರ್ ಸಿಮೆಂಟ್ ಅಥವಾ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಇದಕ್ಕಿಂತ ಭರವಸೆಯದ್ದು.

ಪಿವಿಸಿ ಹಾಳೆ ಅಗ್ಗ, ಹಗುರ, ನೀರಿಗೆ ಕೆಡದು. ಬಿಸಿಗೆ ಮೆತ್ತಗಾಗಿ ಜೋತುಬೀಳುತ್ತದೆ, ಬೆಂಕಿಗೆ ಸಿಕ್ಕರೆ ಉಸಿರುಗಟ್ಟಿಸುವ ಹೊಗೆ ಬಿಡುತ್ತದೆ, ಇಲಿ ಅದನ್ನು ಸಲೀಸಾಗಿ ಕಡಿಯುತ್ತದೆ. ಪ್ಲೈವುಡ್ ಬಳಸುವುದಾದರೆ ನೀರು ತಡೆಯುವ ದರ್ಜೆಯನ್ನು ಸೂಚಿಸುವ ಐಎಸ್ 710 ಗುರುತಿನದ್ದನ್ನೇ ಕೇಳಿ ಪಡೆಯಿರಿ.

ಹಂಚುಗಳನ್ನೆಲ್ಲ ಹೇಗೂ ಇಳಿಸಿ ಹೊಸದಾಗಿ ಹೊದೆಸುವ ಸಂದರ್ಭವಿದ್ದರೆ, ಮೇಲಿನ ಹಂಚಿನ ಕೆಳಗೆ ಸೀಲಿಂಗ್ ಹಂಚಿನ (ಒಳಮೈಗೆಂದೇ ಮಾಡಿದ ಚಪ್ಪಟೆ ಹಂಚು) ಒಂದು ಪದರ ಕೂರಿಸುವುದು ಎಲ್ಲಕ್ಕಿಂತ ಉತ್ತಮ ಎಂದು ನನ್ನ ಅಭಿಪ್ರಾಯ. ಕೆಳಗಿನಿಂದ ಅಂದವಾಗಿ ಕಾಣುತ್ತದೆ, ಎರಡು ಪದರಗಳ ನಡುವಿನ ಗಾಳಿ ಝಳವನ್ನು ಕಡಿಮೆ ಮಾಡುತ್ತದೆ, ಬೆಂಕಿಯ ಭಯವಾಗಲಿ ಹುಳಗಳ ಭಯವಾಗಲಿ ಇಲ್ಲ. ಭಾರ ಹೆಚ್ಚುವುದರಿಂದ ಪಕ್ಕಾಸಿನ ದಪ್ಪ ಮತ್ತು ಅಂತರವನ್ನು ಅನುಭವಿ ಬಡಗಿಗೆ ಅಥವಾ ಇಂಜಿನಿಯರರಿಗೆ ತೋರಿಸಿಯೇ ಮುಂದುವರಿಯಬೇಕು.

ಹಂತ 8: ಭಾರ ಲೆಕ್ಕ ಹಾಕಿ, ಎಲ್ಲಿಂದ ತೂಗಿಸಬೇಕೆಂದು ಗೊತ್ತುಮಾಡಿ

12 ಅಡಿ ಅಗಲ, 14 ಅಡಿ ಉದ್ದದ ಕೋಣೆಯ ವಿಸ್ತೀರ್ಣ ಸುಮಾರು 15.6 ಚದರ ಮೀಟರ್. ಜಿಪ್ಸಂ ಹಲಗೆ ಮತ್ತು ಅದರ ತಗಡಿನ ಚೌಕಟ್ಟು ಸೇರಿ ಚದರ ಮೀಟರಿಗೆ 12 ಕಿಲೋ ಎಂದು ಹಿಡಿದರೂ ಒಟ್ಟು 190 ಕಿಲೋದಷ್ಟಾಗುತ್ತದೆ. ಪಿವಿಸಿಯಾದರೆ ಇದರ ಅರ್ಧಕ್ಕೂ ಕಡಿಮೆ.

ಈ ಭಾರವನ್ನು ರೀಪಿನಿಂದ ತೂಗಿಸಬಾರದು. ಹಂಚು ಹೊರಲೆಂದು ಸಣ್ಣ ಮೊಳೆಗಳಲ್ಲಿ ಕೂರಿಸಿದ ತೆಳ್ಳನೆಯ ಪಟ್ಟಿ ಅದು. ಪೇಟೆಯಿಂದ ಬರುವ ಕೆಲಸಗಾರರು ಕೈಗೆ ಸುಲಭವಾಗಿ ಸಿಗುವುದೆಂದು ಅದಕ್ಕೇ ಸ್ಕ್ರೂ ಹಾಕಿಬಿಡುತ್ತಾರೆ, ಎದುರಿಗೆ ನಿಂತು ನೋಡಿ. ಗೋಡೆಯಿಂದ ಗೋಡೆಗೆ ಬೇರೆ ಜಂತಿ ಅಥವಾ ಕಬ್ಬಿಣದ ಪೈಪು ಇಟ್ಟು ಅದರಿಂದ ತೂಗಿಸುವುದು ಅತ್ಯುತ್ತಮ. ಆಗ ಹಂಚು ಕೈಯಾಡಿಸಲು ಜನ ಮಾಡಿನ ಮೇಲೆ ನಡೆದರೂ ಮುಚ್ಚಿಗೆ ಅಲುಗಿ ಬಿರುಕು ಬಿಡುವುದಿಲ್ಲ. ಸೀಲಿಂಗ್ ಫ್ಯಾನಿನ ಕೊಕ್ಕೆ ತೊಲೆಗೇ ಇರಬೇಕು, ಮುಚ್ಚಿಗೆಯ ಚೌಕಟ್ಟಿಗಲ್ಲ.

ಹಂತ 9: ಮುಚ್ಚುವ ಮುನ್ನ ಒಳಗಿನ ಕೆಲಸ ಮುಗಿಸಿ

ಹಲಗೆ ಏರಿಸುವ ಮೊದಲು ಮಾಡಲೇಬೇಕಾದ ಕೆಲಸಗಳಿವು. ತ್ರಿಕೋನದ ಗೋಡೆಗಳ ಮೇಲ್ಭಾಗದಲ್ಲಿ ಎದುರುಬದುರಾಗಿ ಗಾಳಿಕಂಡಿ ಬಿಡಿಸಿ, ಸೂರಿನ ಕಡೆಯಿಂದಲೂ ಗಾಳಿ ಬರುವಂತಿರಲಿ. ಎಲ್ಲ ಕಂಡಿಗಳಿಗೂ 6 ಮಿ.ಮೀ.ಗಿಂತ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಬೇಕು, ಪ್ಲಾಸ್ಟಿಕ್ ಜಾಲರಿಯನ್ನು ಇಲಿ ಒಂದೇ ರಾತ್ರಿಯಲ್ಲಿ ಕಡಿಯಬಲ್ಲದು. ವೈರುಗಳೆಲ್ಲ ಗಟ್ಟಿ ಕೊಳವೆಯೊಳಗೆ ಹೋಗಬೇಕು. ಜೋಡಣೆಗಳು ಪೆಟ್ಟಿಗೆಯೊಳಗೆ ಮಾತ್ರ ಇರಬೇಕು, ಮತ್ತು ಆ ಪೆಟ್ಟಿಗೆಗಳು ಕೈಗೆ ಸಿಗುವಲ್ಲಿರಬೇಕು. ಬಟ್ಟೆ ಸುತ್ತಿದ ಹಳೆಯ ವೈರು ಇದ್ದರೆ ಅದನ್ನು ಬದಲಿಸದೆ ಮುಚ್ಚುವುದು ಅಪಾಯಕಾರಿ. ವಿದ್ಯುತ್ ಸೋರಿಕೆ 30 ಮಿಲಿ ಆಂಪಿಯರ್ ಮುಟ್ಟಿದರೆ ಸಂಪರ್ಕ ಕಡಿತಗೊಳಿಸುವ ಸುರಕ್ಷಾ ಸ್ವಿಚ್ಚು (ಆರ್‌ಸಿಸಿಬಿ) ಮೀಟರ್ ಬೋರ್ಡಿನಲ್ಲಿ ಇದೆಯೇ ಎಂದು ಇದೇ ಸಮಯಕ್ಕೆ ಖಚಿತಪಡಿಸಿಕೊಳ್ಳಿ.

ಪ್ರತಿ ಮುಚ್ಚಿಗೆಗೂ 60 ಸೆಂ.ಮೀ. ಚೌಕದ ಒಂದು ಇಣುಕು ಬಾಗಿಲು ಇರಲೇಬೇಕು. ಅಂದಗೆಡುತ್ತದೆ ಎಂದು ಇದನ್ನು ಬಿಡುವವರೇ ಹೆಚ್ಚು. ಸೋರಿಕೆ, ವೈರು, ಇಲಿ ಯಾವುದಕ್ಕೂ ಆಮೇಲೆ ಬೇರೆ ದಾರಿಯಿಲ್ಲ.

ಹಂತ 10: ಹಲಗೆ ಕೂರಿಸುವುದು

ಜಿಪ್ಸಂ ಆದರೆ ಗೋಡೆಯ ಸುತ್ತ ಪಟ್ಟಿ, ಮೇಲಿನ ಆಧಾರಪಟ್ಟಿಗಳು 1,220 ಮಿ.ಮೀ. ಅಂತರದಲ್ಲಿ, ಅವಕ್ಕೆ ಅಡ್ಡವಾಗಿ ಹಲಗೆ ಹಿಡಿಯುವ ಪಟ್ಟಿಗಳು 457 ಮಿ.ಮೀ. ಅಂತರದಲ್ಲಿ, ಸ್ಕ್ರೂಗಳು 230 ಮಿ.ಮೀ.ಗೆ ಒಂದರಂತೆ. ದರ ಇಳಿಸಲು ಕೆಲಸಗಾರರು ಈ ಅಂತರವನ್ನೇ ಹಿಗ್ಗಿಸುತ್ತಾರೆ, ಟೇಪು ಹಿಡಿದು ಅಳೆಯಿರಿ. ಯಾವ ವಸ್ತುವಾದರೂ ಗೋಡೆಗೆ ಬಿಗಿಯಾಗಿ ಒತ್ತಿ ಕೂರಿಸಬೇಡಿ. ಮಳೆಗಾಲದಲ್ಲಿ ಮರ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಅಂಚಿನಲ್ಲಿ ಸಣ್ಣ ಸಂದಿ ಬಿಟ್ಟು ಮೇಲೊಂದು ಪಟ್ಟಿಯಿಂದ ಮರೆಮಾಡಬೇಕು. ಬಣ್ಣ ಹಚ್ಚುವ ಮೊದಲು ಒಮ್ಮೆ ಇಣುಕು ಬಾಗಿಲಿನಿಂದ ಮೇಲೆ ಹೋಗಿ, ಉಳಿದ ಮರದ ಚೂರು, ಹೊಟ್ಟು, ಚೀಲಗಳನ್ನೆಲ್ಲ ತೆಗೆಸಿ. ಅವು ಗೆದ್ದಲಿಗೂ ಬೆಂಕಿಗೂ ಆಹಾರ.

ಮೊದಲ ಮಳೆಗಾಲದ ಎಚ್ಚರಿಕೆಯ ಚಿಹ್ನೆಗಳು

ಉಂಗುರದ ಆಕಾರದ ಕಂದು ಕಲೆ ಇದ್ದರೆ ಅದು ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುತ್ತಿರುವ ಸೋರಿಕೆ. ಬಣ್ಣ ಹಚ್ಚಿ ಮುಚ್ಚದೆ ಅದೇ ದಿನ ಮೇಲೆ ಹೋಗಿ ನೋಡಿ. ಕಲೆಯಿಲ್ಲದೆ ಮುಗ್ಗಲು ವಾಸನೆ ಮಾತ್ರ ಬರುತ್ತಿದ್ದರೆ ಗಾಳಿಕಂಡಿ ಸಾಲದಾಗಿದೆ ಅಥವಾ ಜಾಲರಿಗೆ ಕಸ ಕಟ್ಟಿದೆ. ಮೂತ್ರದ ಘಾಟು, ರಾತ್ರಿ ಉರುಳಾಟದ ಸದ್ದು ಕೇಳಿದರೆ ಜಾಲರಿ ಎಲ್ಲೋ ಬಿಟ್ಟಿದೆ, ಒಳಗಿರುವ ಪ್ರಾಣಿ ಹೊರಹೋದದ್ದು ಖಚಿತವಾದ ಮೇಲೆಯೇ ಕಂಡಿ ಮುಚ್ಚಿ. ದೀಪ ಮಿನುಗಿದರೆ, ಸುರಕ್ಷಾ ಸ್ವಿಚ್ಚು ಮತ್ತೆ ಮತ್ತೆ ಬಿದ್ದರೆ, ಆ ಕೋಣೆಯ ಸಂಪರ್ಕ ತಪ್ಪಿಸಿ ವಿದ್ಯುತ್ ಕೆಲಸದವರನ್ನು ಕರೆಯಿರಿ.

ಮುಚ್ಚಿಗೆ ಹೊಟ್ಟೆಯಂತೆ ಕೆಳಗೆ ಉಬ್ಬಿದ್ದರೆ ಮೇಲೆ ನೀರು ನಿಂತಿದೆ. ಅದರ ಕೆಳಗೆ ಯಾರೂ ನಿಲ್ಲಬಾರದು. ಮೊದಲು ಮೇನ್ ಸ್ವಿಚ್ ಆರಿಸಿ, ಕೋಣೆಯ ಸಾಮಾನು ಸರಿಸಿ, ಬಕೆಟ್ ಇಟ್ಟು, ಪಕ್ಕದಲ್ಲಿ ನಿಂತು ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಮೊಳೆಯಿಂದ ಉಬ್ಬಿನ ಅಂಚಿನಲ್ಲಿ ಸಣ್ಣ ತೂತು ಮಾಡಿ ನೀರು ಇಳಿಸಿ. ನೆನೆದ ಜಿಪ್ಸಂ ಹಲಗೆ ಒಣಗಿದ ಮೇಲೆ ಗಟ್ಟಿಯಾಗಿ ಕಂಡರೂ ಮೊದಲಿನ ಬಲ ಅದಕ್ಕಿರುವುದಿಲ್ಲ, ಆ ತುಂಡನ್ನು ಕತ್ತರಿಸಿ ತೆಗೆಯಬೇಕು. ತೆಗೆದ ಜಾಗವನ್ನು ಮೇಲಿನ ಹಂಚು ಸರಿಯಾಗುವವರೆಗೆ, ಮರದ ತೇವಾಂಶ ಶೇಕಡಾ 20ರ ಕೆಳಗೆ ಇಳಿಯುವವರೆಗೆ, ಹಾಗೆಯೇ ತೆರೆದಿಡಿ.